ಐರಿಸ್ ಕ್ಯಾಲ್ಡರಳ ಶಾಲು

ಸತ್ತವರಿಗೆ ಸನ್ಮಾನ ಮಾಡುವುದರಲ್ಲಿ ಒಂದು ಸುಖವಿದೆ. ಅವರು ಬಸ್ ಚಾರ್ಜು ಕೇಳುವುದಿಲ್ಲ, ಹಾರ ಸಣ್ಣದಾಯಿತೆಂದು ಮುಖ ಗಂಟಿಕ್ಕುವುದಿಲ್ಲ, ಮೈಕು ಸಿಕ್ಕಿತೆಂದು ಜನರ ತಲೆ ತಿನ್ನುವುದೂ ಇಲ್ಲ. ಗಂಗಾವತಿಯ ಹಳೆ ಸಿನಿಮಾ ಬಳಗದವರು ಈ ಸುಖ ಕಂಡುಕೊಂಡು ಕೆಲವು ವರ್ಷಗಳಾಗಿದ್ದವು. ಅಮೆರಿಕದ ಕಪ್ಪುಬಿಳುಪು ಸಿನಿಮಾಗಳಲ್ಲಿ ಜೀವ ತೇಯ್ದು ನಟಿಸಿಯೂ ಆ ದೇಶದ ದೊಡ್ಡ ಪ್ರಶಸ್ತಿಗಳು ತಪ್ಪಿಹೋದ ತಾರೆಯರನ್ನು ಹುಡುಕಿ, ವರ್ಷಕ್ಕೊಮ್ಮೆ ಅವರ ಸಿನಿಮಾ ತೋರಿಸಿ, ಶಾಲು ಹೊದಿಸುವುದು ಬಳಗದ ಕೆಲಸ. ಬಳಗ ಕಟ್ಟಿದವರು ಕುಬೇರಪ್ಪ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಬಂದವರಿಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಚಹಾ ಒದಗಿಸುವುದು ಅವರ ಹೆಂಡತಿ ಕಸ್ತೂರೆಮ್ಮನ ಪಾಲಿಗೆ ಬಂದಿತ್ತು.

ತೊಂದರೆಯೆಂದರೆ ಫೋಟೋಕ್ಕೆ ಹೆಗಲಿರುವುದಿಲ್ಲ. ಹೋದ ವರ್ಷ ಒಬ್ಬ ನಟನ ಫೋಟೋಕ್ಕೆ ಶಾಲು ಹೊದಿಸಿ, ಮಾಲೆ ಹಾಕಿ, ಮುಂದೆ ಊದುಬತ್ತಿ ಹಚ್ಚಿಟ್ಟಿದ್ದರು. ತಡವಾಗಿ ಬಂದ ಅಕ್ಕಿ ಗಿರಣಿಯ ಗಾದಿಲಿಂಗಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈಮುಗಿದು, ಮಣ್ಣು ಮಾಡುವುದು ಯಾವಾಗ ಎಂದು ಪಕ್ಕದವನನ್ನು ಮೆಲ್ಲಗೆ ಕೇಳಿದ. ಸಭೆಗೆ ಸಭೆಯೇ ನಕ್ಕಿತು. ಕುಬೇರಪ್ಪನವರಿಗೆ ಅನ್ನ ಸೇರಲಿಲ್ಲ. ಈ ವರ್ಷದಿಂದ ಫೋಟೋದ ಬದಲು ಜೀವಂತ ಮನುಷ್ಯರೊಬ್ಬರು ತಾರೆಯ ಪರವಾಗಿ ವೇದಿಕೆ ಹತ್ತಬೇಕು, ಶಾಲು ಹೊದ್ದು, ತಾರೆಯೇ ಬಂದು ಮಾತಾಡಿದಂತೆ ಎರಡು ಮಾತಾಡಬೇಕು ಎಂದು ಅವರು ಗೊತ್ತು ಮಾಡಿದರು.

ಈ ವರ್ಷದ ತಾರೆ ಐರಿಸ್ ಕ್ಯಾಲ್ಡರ್. ಅವಳ ಪರವಾಗಿ ಶಾಲು ಹೊದೆಯಲು ಒಬ್ಬ ಹೆಂಗಸೂ ಒಪ್ಪಲಿಲ್ಲ. ಸತ್ತವಳ ಹೆಸರಿನ ಶಾಲನ್ನು ಮುತ್ತೈದೆ ಮೈಮೇಲೆ ಹಾಕಿಕೊಳ್ಳುವುದುಂಟೇ ಎಂದು ಬಳಗದವರ ಮನೆಯವರೆಲ್ಲ ಜಾರಿಕೊಂಡರು. ಊರಿಗೆಲ್ಲ ಬೇಡವಾದದ್ದು ಕೊನೆಗೆ ಕಸ್ತೂರೆಮ್ಮನ ಕೊರಳಿಗೆ ಬಂತು.

ಈ ಕಸ್ತೂರೆಮ್ಮ ಯಾರು ಎನ್ನುವುದನ್ನು ಈಗ ಹೇಳಲೇಬೇಕು, ಯಾಕೆಂದರೆ ಆಕೆಯ ಗಂಡ ಯಾರಿಗೂ ಹೇಳಿದವರಲ್ಲ. ಒಂದು ಕಾಲಕ್ಕೆ ಅವಳು ನಾಟಕ ಕಂಪನಿಯ ಹೀರೋಯಿನ್. ಕಂಪನಿ ಡೇರೆ ಹಾಕಿದ ಯಲಬುರ್ಗಾ, ಕುಷ್ಟಗಿಯ ಕ್ಯಾಂಪುಗಳಲ್ಲಿ ಅವಳ ಹೆಸರು ಬೋರ್ಡಿನ ಮೇಲೆ ಬಂದರೆ ಸಾಕು, ಸುತ್ತಲ ಹಳ್ಳಿಗಳ ಬಂಡಿಗಳು ಬಂದು ನಿಲ್ಲುತ್ತಿದ್ದವು. ಅವಳು ಪರದೆಯ ಹಿಂದೆ ಹೋದರೂ ಜನ 'ಒನ್ಸ್ ಮೋರ್' ಎಂದು ಕೂಗಿ ವಾಪಸು ಕರೆಸುತ್ತಿದ್ದರು. ಹಾಗೆ ಕೂಗಿದವರಲ್ಲಿ ಮುಂದಿನ ಕುರ್ಚಿಯ ಹರೆಯದ ಕುಬೇರಪ್ಪನೂ ಒಬ್ಬ. ಮದುವೆಯಾಗುತ್ತೇನೆ, ಆದರೆ ಇನ್ನು ಬಣ್ಣ ಹಚ್ಚಬಾರದು ಎಂದ. ಕಂಪನಿಯ ಹೆಣ್ಣಿಗೆ ಮನೆ ಕೊಡುವವನು ಸಿಗುವುದೇ ದೊಡ್ಡದೆಂದು ಎಲ್ಲರೂ ಹೇಳಿದರು, ಅವಳೂ ಹೌದೆಂದುಕೊಂಡಳು.

ಆಮೇಲೆ ಕಂಪನಿಯಲ್ಲಿ ಅವಳ ದಾಸಿಯ ಪಾತ್ರ ಮಾಡುತ್ತಿದ್ದವಳಿಗೂ ಬೆಂಗಳೂರಿನಲ್ಲಿ ಪ್ರಶಸ್ತಿ ಬಂತು. ಕಸ್ತೂರೆಮ್ಮ ಅದನ್ನು ಟಿವಿಯಲ್ಲಿ ನೋಡಿ, ಎದ್ದು ಹೋಗಿ ರೊಟ್ಟಿ ಬಡಿದಳು. ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಸುಟ್ಟಿದ್ದು ಬೇರೆ. ಮನೆಗೆ ಯಾರೇ ಹೊಸಬರು ಬಂದರೂ ಕುಬೇರಪ್ಪ 'ನಮ್ಮ ಮನಿಯವ್ರು, ಅಡಿಗಿ ಭಾಳ ಛಲೋ ಮಾಡ್ತಾರ' ಎಂದು ಪರಿಚಯಿಸುತ್ತಿದ್ದರು. ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಹಾಗಾಗಿ ಗಂಡ ಬಂದು ವೇದಿಕೆ ಹತ್ತು ಎಂದಾಗ ಅವಳೊಳಗೆ ಏನೋ ಮಿಸುಕಾಡಿತು. ಅವಳು ಕೇಳಿದ್ದು ಒಂದೇ.

"ನಾ ಯಾರು ಅಂತ ಮೈಕಿನ್ಯಾಗ ಹೇಳತೀರೇನ್ರಿ?"

"ಹೇಳದ ಬಿಡ್ತೀನೇನು" ಎಂದರು ಕುಬೇರಪ್ಪ, ಕನ್ನಡಕ ಒರೆಸುತ್ತಾ.

ಅಷ್ಟಕ್ಕೇ ಅವಳು ಪೆಟ್ಟಿಗೆಯ ತಳದಲ್ಲಿದ್ದ ಇಳಕಲ್ ಸೀರೆ ತೆಗೆದಳು. ಕನ್ನಡಿ ಮುಂದೆ ನಿಂತು ಬೆನ್ನು ನೆಟ್ಟಗೆ ಮಾಡಿ ನೋಡಿಕೊಂಡಳು. ಆಸೆ ಕೆಟ್ಟದ್ದು, ಅದಕ್ಕೆ ವಯಸ್ಸಾಗುವುದಿಲ್ಲ.

ಕಾರ್ಯಕ್ರಮ ಭಾನುವಾರ ಮಧ್ಯಾಹ್ನ, ಕಲ್ಯಾಣ ಮಂಟಪವೊಂದರ ಊಟದ ಹಾಲಿನಲ್ಲಿ. ಸಿನಿಮಾ ಮುಗಿದ ಮೇಲೆ ಕುಬೇರಪ್ಪ ಐರಿಸ್ ಕ್ಯಾಲ್ಡರಳ ಕಥೆ ಹೇಳಿದರು. ಅವಳಂಥ ನಟಿ ಇನ್ನೊಬ್ಬಳಿರಲಿಲ್ಲವಂತೆ. ಆದರೆ ಉತ್ತುಂಗದಲ್ಲಿದ್ದಾಗಲೇ ಮದುವೆಯಾದ ಗಂಡ ಅವಳನ್ನು ಕ್ಯಾಮೆರಾದಿಂದ ಬಿಡಿಸಿ ಮನೆಯಲ್ಲಿ ಕೂರಿಸಿದನಂತೆ. ಪ್ರಶಸ್ತಿ ಕೊಡುವವರು ಅವಳನ್ನು ಮರೆತರು, ಅವಳು ಕೊರಗಿ ಸತ್ತಳು. "ಅಂಥಾ ಕಲಾವಿದಿನ್ನ ಅಡಿಗಿಮನಿಗೆ ಕಟ್ಟಿ ಹಾಕಿದ ಆ ಗಂಡಗ ಏನ ಅನ್ನಬೇಕ್ರಿ?" ಎನ್ನುತ್ತ ಅವರು ಕರವಸ್ತ್ರ ತೆಗೆದರು. ಮೊದಲ ಸಾಲಿನಲ್ಲಿದ್ದ ಕಸ್ತೂರೆಮ್ಮ ಗಂಡನ ಮುಖವನ್ನೇ ನೋಡುತ್ತಿದ್ದಳು. ಈಗ ನೆನಪಾಗುತ್ತದೆ, ಈಗ ಹೇಳುತ್ತಾರೆ ಎಂದು ಕಾದಳು. ಅವರು ಕಣ್ಣೊರೆಸಿಕೊಂಡು ಕೂತರು. ಬಳಗದ ಕಾರ್ಯದರ್ಶಿ ಅಸ್ಲಮ ಮೈಕು ಹಿಡಿದು, ಐರಿಸ್ ಕ್ಯಾಲ್ಡರ್ ಅವರ ಪರವಾಗಿ ನಮ್ಮ ಸರ್ ಅವರ ಮನೆಯವರು ಸನ್ಮಾನ ಸ್ವೀಕರಿಸಬೇಕೆಂದು ಕೇಳಿಕೊಂಡ. ಹೆಸರಿಲ್ಲ, ಕಂಪನಿಯಿಲ್ಲ.

ಮೆಟ್ಟಿಲು ಹತ್ತುವಾಗ ಅವಳಿಗೆ ಸಿಟ್ಟು ನೆತ್ತಿಗೇರಿತ್ತು. ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮೈಕನ್ನು ಮುಂದಿಟ್ಟರು. ಕುಬೇರಪ್ಪ ಬರೆದುಕೊಟ್ಟಿದ್ದ ಎರಡು ಸಾಲು ಅವಳಿಗೆ ಬಾಯಿಪಾಠವಿತ್ತು. ಅದನ್ನು ಅವಳು ಹೇಳಲಿಲ್ಲ.

"ನಾ ಸಣ್ಣಾಕಿ ಇದ್ದಾಗಿಂದ ಬಣ್ಣ ಹಚ್ಚೀನ್ರಿ. ಕುಷ್ಟಗಿ ಕ್ಯಾಂಪಿನ್ಯಾಗ ನಾ ಅತ್ರ ಮಂದಿ ಅಳತಿದ್ರು. ಆಮ್ಯಾಲ ಒಬ್ರು ಬಂದು, ಬಣ್ಣ ತೊಳಕೊಂಡು ಬಾ, ಮನಿ ಕೊಡ್ತೀನಿ ಅಂದ್ರು. ತೊಳಕೊಂಡು ಹೋದೆ. ಮನಿ ಕೊಟ್ಟಾರ, ಇಲ್ಲ ಅನ್ನೂದಿಲ್ಲ. ಆದ್ರ ನಾ ಏನಾಗಿದ್ದೆ ಅನ್ನೂದನ್ನ ಒಂದಿನಾನೂ ಯಾರ ಮುಂದೂ ಹೇಳಲಿಲ್ಲ. ಇವತ್ತ ಸತ್ತಾಕಿ ಹೆಸರಿಗೆ ಶಾಲು ತಂದೀರಿ. ನಾ ಸತ್ತಿಲ್ರಿ. ಇಲ್ಲೇ, ನಿಮ್ಮ ಮುಂದ ಜೀವಂತ ನಿಂತೀನಿ."

 ಇಡೀ ಸಭೆಯಲ್ಲಿ ಚಪ್ಪಾಳೆ ಶುರುವಾಯಿತು. ಹೆಂಗಸರು ಸೆರಗಿನಿಂದ ಕಣ್ಣೊತ್ತಿಕೊಂಡರು. ಅವಳು ಮೈಕಿಗೆ ಬಾಗಿ ತನ್ನ ಹೆಸರು ಹೇಳಿದಳು, ಮತ್ತೊಮ್ಮೆ ಹೇಳಿದಳು. ಆ ಗದ್ದಲದಲ್ಲಿ ಅದು ಅವಳಿಗೇ ಕೇಳಿಸಲಿಲ್ಲ. ಗಾದಿಲಿಂಗಪ್ಪ ಎದ್ದು ನಿಂತು 'ಒನ್ಸ್ ಮೋರ್' ಎಂದು ಕೂಗಿದ. ಅಸ್ಲಮ ಮೈಕು ತೆಗೆದುಕೊಂಡು, ಐರಿಸ್ ಕ್ಯಾಲ್ಡರಳ ಆತ್ಮವೇ ಇಂದು ಗಂಗಾವತಿಗೆ ಬಂದು ಮಾತಾಡಿತು ಎಂದ.

ಕೆಳಗಿಳಿದರೆ ಕುಬೇರಪ್ಪ ಎರಡೂ ಕೈಯಿಂದ ಅವಳ ಕೈ ಹಿಡಿದರು. ಅವರ ಕಣ್ಣುಗಳು ಇನ್ನೂ ಒದ್ದೆಯಾಗಿದ್ದವು.

"ಏನ್ ಮಾಡಿದಿ ಕಸ್ತೂರಿ! ನಡುವ ಕುಷ್ಟಗಿ ಅಂತ ಸೇರಿಸಿದಿ ನೋಡು, ಅದು ಭಾಳ ಛಲೋ ಆತು. ನಮ್ಮ ಮಂದಿಗೆ ತಟ್ಟನ ತಿಳೀತು."

"ನಾ ಆಕ್ಟ್ ಮಾಡಲಿಲ್ರಿ" ಎಂದಳು ಅವಳು.

"ಅದ ಮತ್ತ! ಆಕ್ಟ್ ಅಂತ ಅನಸಲೇ ಇಲ್ಲ. ಖರೇ ಕಲಾ ಅಂದ್ರ ಅದ. ಮುಂದಿನ ವರ್ಷಾನೂ ನೀನ ನಿಲ್ಲು."

ಮದುವೆಯಾದ ಮೇಲೆ ಅವಳ ನಟನೆಯನ್ನು ಅವರು ಹೊಗಳಿದ್ದು ಅದೇ ಮೊದಲು. ಅವಳು ಶಾಲನ್ನು ಮಡಚಿ ಅವರ ಕೈಗೆ ಕೊಟ್ಟು, ಚಹಾ ಬಗ್ಗಿಸಲು ಹೋದಳು.