ಬಾಲದವಳ ಎರಡನೇ ಸುತ್ತು

"ಅಕ್ಕ, ಇವತ್ತೂ ಬಾಲ ನೀವೇ ಆಗ್ಬಿಡಿ," ಎಂದು ಮೇಷ್ಟ್ರು ಹೇಳಿದಾಗ ಅಕ್ಕ ಬಗ್ಗಿ ಶೂ ಲೇಸು ಕಟ್ಟುತ್ತಿದ್ದಳು. ಕಟ್ಟಿ ಮುಗಿದದ್ದನ್ನೇ ಬಿಚ್ಚಿ ಇನ್ನೊಂದು ಸಲ ಕಟ್ಟಿದಳು. ಬಾಯಿಗೆ ಬಂದ ಮಾತನ್ನು ನುಂಗಲು ಅಷ್ಟು ಹೊತ್ತು ಬೇಕಾಯಿತು.

ಬಾಲ ಎಂದರೆ ಆ ಓಟದ ಸಂಘದಲ್ಲಿ ಒಂದು ಹುದ್ದೆ. ಕುರುಚಲು ಕಾಡಿನ ಕಾಲುದಾರಿ ತಪ್ಪದಿರಲೆಂದು ಹಿಂದಿನ ದಿನ ಪೊದೆಗಳಿಗೆ ಕೆಂಪು ರಿಬ್ಬನ್ ಕಟ್ಟಿರುತ್ತಾರೆ. ಎಲ್ಲರಿಗಿಂತ ನಿಧಾನ ಓಡುವವರ ಹಿಂದೆ ಒಬ್ಬರು ಇದ್ದುಕೊಂಡು, ಆ ರಿಬ್ಬನ್ನುಗಳನ್ನು ಒಂದೊಂದಾಗಿ ಬಿಚ್ಚುತ್ತಾ ಬರಬೇಕು. ಅದೇ ಬಾಲ. ಮೊದಮೊದಲು ಸರದಿಯಂತೆ ಆಗುತ್ತಿತ್ತು. ಆಮೇಲೆ ಒಬ್ಬರಿಗೆ ನೆಗಡಿ, ಇನ್ನೊಬ್ಬರಿಗೆ ನೆಂಟರು, ಮತ್ತೊಬ್ಬರಿಗೆ ಮರೆವು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಎಂಟು ಗಂಟೆ ನಿಂತು ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಮಡಚುವ ಅಕ್ಕನಿಗೆ ಮಾತ್ರ ಇದ್ಯಾವುದೂ ಇರಲಿಲ್ಲ. ವರ್ಷ ಕಳೆಯುವಷ್ಟರಲ್ಲಿ ಆ ಕೆಲಸ ಅವಳ ಬೆನ್ನಿಗೇ ಅಂಟಿಕೊಂಡಿತು.

"ಮೇಷ್ಟ್ರೇ, ಇವತ್ತು ನಂಗೂ ಓಟ ಇದೆ," ಎಂದಳು.

ಇತ್ತು, ಎಲ್ಲರಿಗೂ ಗೊತ್ತಿತ್ತು. ಇನ್ನು ಮೂರು ವಾರಕ್ಕೆ ದೊಡ್ಡ ಸ್ಪರ್ಧೆ. ಸಂಘಕ್ಕೆ ಸಿಕ್ಕಿದ್ದ ನಾಲ್ಕು ಜಾಗದಲ್ಲಿ ಮೂರು ಭರ್ತಿಯಾಗಿದ್ದವು. ಉಳಿದ ಒಂದಕ್ಕೆ ಮೂವರು ಕಾದಿದ್ದರು: ನೋಂದಣಿ ಕಚೇರಿಯ ಗುಮಾಸ್ತ, ಟೈರ್ ಅಂಗಡಿಯವನು, ಅಕ್ಕ. ಹದಿನಾರು ಕಿಲೋಮೀಟರಿನ ಸುತ್ತನ್ನು ಈ ಮೂವರು ಎರಡು ಸಲ ಓಡಬೇಕು, ಯಾರು ಮೊದಲು ಕಾಡಿನ ಗೇಟಿಗೆ ವಾಪಸ್ಸು ಬರುತ್ತಾರೋ ಜಾಗ ಅವರದು ಎಂದು ಮೇಷ್ಟ್ರೇ ವಾರದ ಹಿಂದೆ ಎಲ್ಲರೆದುರು ಹೇಳಿದ್ದರು. ಉಳಿದವರಿಗೆ ಒಂದೇ ಸುತ್ತು.

"ಓಡಿ, ಬೇಡ ಅಂದೋರ್ಯಾರು? ಹಾಗೇ ಬರ್ತಾ ಬರ್ತಾ ಬಿಚ್ಕೊಂಡ್ ಬನ್ನಿ. ನಿಮ್ಮಷ್ಟು ಅಚ್ಚುಕಟ್ಟು ಯಾರಿಗೂ ಬರಲ್ಲ."

"ಬೆಣ್ಣೆ ಹಚ್ಬೇಡಿ ಮೇಷ್ಟ್ರೇ. ಎಲ್ಲರಿಗಿಂತ ಹಿಂದೆ ಇರು ಅಂತೀರಿ, ಮೊದಲು ಬಾ ಅಂತೀರಿ. ಎರಡೂ ಮಾಡೋಕೆ ನಾನೇನು ಇಬ್ಬರಿದ್ದೀನಾ?"

ಯಾರೋ ಕಿಸಕ್ಕೆಂದರು. ಸಂಘ ನಡೆಸುವ ಮೇಷ್ಟ್ರು ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಉತ್ತರ ಇಲ್ಲದ ಪ್ರಶ್ನೆಗೆ ಸೀಟಿ ಊದುವುದು ಅವರ ಹಳೆಯ ಅಭ್ಯಾಸ. ಊದಿದರು. ಎಲ್ಲರೂ ಓಡಿದರು. ಗುಮಾಸ್ತ ಒಮ್ಮೆ ತಿರುಗಿ ನೋಡಿ, ಪಾಪ ಎನ್ನುವಂಥ ಮುಖ ಮಾಡಿ, ಆ ಮುಖ ಹೊತ್ತುಕೊಂಡೇ ಇನ್ನಷ್ಟು ಜೋರಾಗಿ ಓಡಿದ.

ಎಲ್ಲರಿಗಿಂತ ಹಿಂದೆ ಉಳಿದದ್ದು ಔಷಧಿ ಅಂಗಡಿಯಾಕೆ. ಮಂಡಿ ನೋವಿಗೆ ಊರಿಗೆಲ್ಲ ಮುಲಾಮು ಕೊಡುವಾಕೆ, ತನ್ನ ಮಂಡಿಗೆ ಮಾತ್ರ ಯಾವುದೂ ನಾಟುವುದಿಲ್ಲ ಎಂದು ದಾರಿಯುದ್ದಕ್ಕೂ ಹೇಳಿಕೊಂಡಳು. ನಾಲ್ಕು ಹೆಜ್ಜೆ ಓಡಿದರೆ ಹತ್ತು ಹೆಜ್ಜೆ ನಡೆಯುವಳು.

"ನೀವು ಮುಂದೆ ಹೋಗಿ ಅಕ್ಕ, ನನ್ನ ಹಿಂದೆ ಯಾಕೆ ಕಾಲ ಸವೆಸ್ತೀರಿ?"

"ಹೋದ್ರೆ ರಿಬ್ಬನ್ ನಿಮ್ಮಪ್ಪ ಬಿಚ್ತಾರಾ?"

"ಅವರಿಗೆ ಎಂಬತ್ತಾರು. ಕರೆದ್ರೆ ಬಂದೇ ಬರ್ತಾರೆ, ಮಾತು ಹುಷಾರಾಗಿ ಆಡಿ."

ಅಕ್ಕನಿಗೆ ನಗು ಬಂತು. ನಕ್ಕರೆ ಕೋಪ ಕಮ್ಮಿಯಾದೀತೆಂದು ತಡೆದುಕೊಂಡಳು. ಮುಳ್ಳುಪೊದೆಯೊಳಗೆ ಕೈಹಾಕಿ ಗಂಟು ಬಿಚ್ಚುವುದು, ರಿಬ್ಬನ್ ಸುತ್ತಿ ಸೊಂಟದ ಚೀಲಕ್ಕೆ ತುರುಕುವುದು, ಮುಂದಿನ ಪೊದೆಗೆ ಹೋಗುವುದು. ಮುಂಗೈ ತುಂಬ ಗೀರು. ಪ್ರತಿ ಗಂಟಿಗೂ ಅರ್ಧ ನಿಮಿಷ. ಆ ಅರ್ಧ ನಿಮಿಷದಲ್ಲಿ ಗುಮಾಸ್ತ ಎಷ್ಟು ದೂರ ಹೋಗಿರುತ್ತಾನೆಂದು ಮನಸ್ಸು ತಾನಾಗಿಯೇ ಅಳೆಯುತ್ತಿತ್ತು.

ಆರನೇ ಕಿಲೋಮೀಟರಿನಲ್ಲಿ ಎರಡು ದಾರಿ ಕವಲೊಡೆಯುವ ಜಾಗ. ಎಡಕ್ಕಿರುವುದು ಅಗಲವಾಗಿ, ನೋಡಲು ನೇರವಾಗಿ, ಒಣ ಹಳ್ಳಕ್ಕೆ ಇಳಿದು ಅಲ್ಲೇ ಮುಗಿಯುತ್ತದೆ. ಸರಿಯಾದ ದಾರಿ ಬಲಕ್ಕೆ, ಪೊದೆಯ ಹಿಂದೆ ಅಡಗಿದೆ. ಅಲ್ಲಿ ಮೂರು ರಿಬ್ಬನ್ ಕಟ್ಟಿದ್ದರು. ಮೊದಲನೆಯದಕ್ಕೆ ಕೈಹಾಕಿದವಳು ಹಾಗೇ ನಿಂತಳು.

"ಅಯ್ಯೋ, ಇದನ್ನ ಬಿಚ್ಚಿದ್ರೆ ಎರಡನೇ ಸುತ್ತಿಗೆ ಬರೋರು ಏನು ನೋಡ್ಕೊಂಡು ಓಡ್ತಾರೆ?" ಎಂದಳು.

ಇಷ್ಟು ದಿನ ಎಲ್ಲರಿಗೂ ಒಂದೇ ಸುತ್ತು ಇರುತ್ತಿದ್ದುದರಿಂದ ಈ ಪ್ರಶ್ನೆ ಯಾರಿಗೂ ಹುಟ್ಟಿರಲಿಲ್ಲ. ಅಕ್ಕ ಮೇಷ್ಟ್ರಿಗೆ ಫೋನು ಹಚ್ಚಿದಳು. ಕೈ ತುಂಬ ರಿಬ್ಬನ್ ಇದ್ದುದರಿಂದ ಸ್ಪೀಕರ್ ಹಾಕಿದ್ದಳು.

ಪೂರ್ತಿ ಹೇಳಲು ಮೇಷ್ಟ್ರು ಬಿಡಲಿಲ್ಲ. "ನೋಡಿ ಅಕ್ಕ, ಕಾಡಲ್ಲಿ ಒಂದು ರಿಬ್ಬನ್ ಉಳಿದ್ರೂ ಅರಣ್ಯದೋರು ನನ್ನ ಕುತ್ತಿಗೆ ಹಿಡೀತಾರೆ. ಬಾಲ ದಾಟಿದ ಮೇಲೆ ಒಂದೂ ಇರಬಾರದು. ಎಷ್ಟು ಸಲ ಹೇಳ್ಬೇಕು? ನೀವು ತಲೆ ಓಡಿಸ್ಬೇಡಿ, ಕಾಲು ಓಡಿಸಿ." ಫೋನು ಇಟ್ಟರು.

ಅಕ್ಕ ಫೋನನ್ನು ಚೀಲಕ್ಕೆ ತುರುಕಿದಳು. ಔಷಧಿ ಅಂಗಡಿಯಾಕೆ ಆಕಾಶ ನೋಡಿದಳು.

"ಕೇಳಿಸ್ತಲ್ಲ ನಿಮಗೂ?"

"ಕಾಡಿಗೆಲ್ಲ ಕೇಳಿಸ್ತು."

ಅಕ್ಕ ಮೂರನ್ನೂ ಬಿಚ್ಚಿದಳು. ಮುಂದಿನದನ್ನೂ, ಅದರ ಮುಂದಿನದನ್ನೂ.

ಎಂಟು ಇಪ್ಪತ್ತಕ್ಕೆ ಇಬ್ಬರೂ ಗೇಟಿಗೆ ಬಂದರು. ಗುಮಾಸ್ತ, ಟೈರ್ ಅಂಗಡಿಯವನು ನಲವತ್ತು ನಿಮಿಷ ಮೊದಲೇ ಎರಡನೇ ಸುತ್ತಿಗೆ ಹೋಗಿದ್ದರು. ಔಷಧಿ ಅಂಗಡಿಯಾಕೆ ಕಲ್ಲಿನ ಮೇಲೆ ಕುಸಿದು ಮಂಡಿ ಒತ್ತಿಕೊಂಡಳು. ಮೇಷ್ಟ್ರು ಬಾಳೆಹಣ್ಣು ಚಾಚಿದರು.

"ಬನ್ನಿ ಅಕ್ಕ, ಕೂತ್ಕೊಳ್ಳಿ. ಮುಗೀತಲ್ಲ."

"ನಂದೆಲ್ಲಿ ಮುಗೀತು?" ಹಣ್ಣನ್ನು ಎರಡೇ ತುತ್ತಿಗೆ ಮುಗಿಸಿ, ರಿಬ್ಬನ್ ಚೀಲ ಬಿಚ್ಚಿ ಅವರ ಕಾಲ ಬಳಿ ಇಟ್ಟು, ಅಕ್ಕ ತಿರುಗಿ ಕಾಡಿಗೆ ಹೊಕ್ಕಳು.

ಈಗ ಅವಳ ಮುಂದೆ ಕುಂಟುವವರಿಲ್ಲ, ಬಿಚ್ಚುವ ಗಂಟಿಲ್ಲ. ಹದಿನಾರು ಕಿಲೋಮೀಟರ್ ಆಗಲೇ ಕಾಲಲ್ಲಿತ್ತು, ಆದರೂ ಮೈ ಹಗುರಾಗಿತ್ತು. ವರ್ಷವಿಡೀ ಒಂದೊಂದು ಪೊದೆಗೂ ಕೈಹಾಕಿದವಳಿಗೆ ದಾರಿ ತೋರಿಸಲು ರಿಬ್ಬನ್ ಬೇಕೆ? ಎಲ್ಲಿ ಬೇರು ಎದ್ದಿದೆ, ಎಲ್ಲಿ ಜಲ್ಲಿ ಜಾರುತ್ತದೆ, ಎಲ್ಲಿ ಕೊಂಬೆ ಹಣೆಗೆ ಬಡಿಯುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಓಡುತ್ತಾ ಓಡುತ್ತಾ ಮೇಷ್ಟ್ರಿಗೆ ಹೇಳಬೇಕಾದ್ದನ್ನು ಜೋಡಿಸಿಕೊಂಡಳು. ಏರಿನಲ್ಲಿ ಉಸಿರು ಸಾಲದೆ ಅರ್ಧ ಮರೆತಳು.

ಕವಲಿನ ಹತ್ತಿರ ಬಂದಾಗ ಎಡಗಡೆ ಹಳ್ಳದೊಳಗಿಂದ ಜಗಳದ ದನಿ ಕೇಳಿಸಿತು.

"ನೀನೇ ಅಲ್ವೇನೋ ಈ ಕಡೆ ಅಂದಿದ್ದು?"

"ನಾನು ಅನ್ಸುತ್ತೆ ಅಂದೆ. ಅನ್ಸುತ್ತೆ ಅಂದ್ರೆ ಗೊತ್ತು ಅಂತಾನಾ?"

ಅಕ್ಕ ನಿಂತಳು. ಸುಮ್ಮನೆ ಬಲಕ್ಕೆ ಹೊರಳಿದರೆ ಸಾಕು, ಜಾಗ ಅವಳದು. ಯಾರೂ ಒಂದು ಮಾತು ಆಡುವಂತಿರಲಿಲ್ಲ. ಹೇಳಿದ್ದನ್ನು ಮಾಡಿದ್ದಾಳೆ, ಕೇಳಿ ಮಾಡಿದ್ದಾಳೆ. ಆದರೆ ಹೊತ್ತು ಏರುತ್ತಿತ್ತು. ಇಬ್ಬರ ಬಳಿಯೂ ನೀರು ಮುಗಿದಿರುತ್ತದೆಂದು ಅವಳಿಗೆ ಗೊತ್ತಿತ್ತು. ಈ ಕರುಣೆಯೂ ತನ್ನ ಕೊರಳಿಗೇ ಬಿತ್ತಲ್ಲ ಎಂದು ಇನ್ನಷ್ಟು ರೇಗಿತು.

"ಮೇಲೆ ಬನ್ರೋ," ಎಂದು ಕೂಗಿದಳು. "ಹೀಗೆ, ಬಲಕ್ಕೆ."

ಇಬ್ಬರೂ ಮಣ್ಣು ಮೆತ್ತಿಕೊಂಡು ಏರಿ ಬಂದರು. ಗುಮಾಸ್ತನ ಮುಖ ಸಣ್ಣದಾಗಿತ್ತು. ಅಕ್ಕ ತನ್ನ ಬಾಟಲಿ ಕೊಟ್ಟಳು, ಅವರು ಕುಡಿಯುವುದನ್ನು ನೋಡುತ್ತಾ ನಿಲ್ಲದೆ ಹೊರಟಳು. ಹತ್ತು ಕಿಲೋಮೀಟರ್ ಅವರು ಅವಳ ಬೆನ್ನು ನೋಡುತ್ತಲೇ ಓಡಿದರು. ಕೊನೆಗೆ ಗೇಟಿನ ಅಗಲ ರಸ್ತೆ ಸಿಕ್ಕಾಗ, ಇನ್ನು ದಾರಿ ತಪ್ಪುವ ಭಯವಿಲ್ಲವೆಂದು ಗುಮಾಸ್ತ ಮುನ್ನುಗ್ಗಿದ. ಅಕ್ಕ ಆ ಹೆಜ್ಜೆ ಸದ್ದು ಕೇಳಿ ಹಲ್ಲು ಕಚ್ಚಿದಳು. ಅರ್ಧ ರಸ್ತೆಗೆ ಅವನ ಮೀನಖಂಡ ಹಿಡಿದುಕೊಂಡಿತು. ಅವಳೇ ಮೊದಲು ಗೇಟು ಮುಟ್ಟಿದಳು.

ಮೇಷ್ಟ್ರು ಗಡಿಯಾರ ನೋಡಲಿಲ್ಲ, ಗುಮಾಸ್ತನ ಕಾಲು ನೋಡಿದರು. ರಿಬ್ಬನ್ ಇಲ್ಲದೆ ದಾರಿ ತಪ್ಪಿದ್ದನ್ನು ಟೈರ್ ಅಂಗಡಿಯವನು ಹೇಳುತ್ತಿದ್ದಂತೆ ಅಕ್ಕನ ಕಡೆ ತಿರುಗಿದರು.

"ಎರಡನೇ ಸುತ್ತು ಇದೆ ಅಂತ ಗೊತ್ತಿದ್ದೂ ಬಿಚ್ಚೋದಾ ಅಕ್ಕ?"

"ನಾನು ಫೋನ್ ಮಾಡಿ ಕೇಳ್ದೆ. ತಲೆ ಓಡಿಸ್ಬೇಡಿ ಅಂದ್ರಿ."

"ನಾನು ಹಾಗೆ ಅಂದಿಲ್ಲ."

"ಅಂದ್ರಿ," ಎಂದಳು ಕಲ್ಲಿನ ಮೇಲಿದ್ದ ಔಷಧಿ ಅಂಗಡಿಯಾಕೆ. "ಕಾಲು ಓಡಿಸಿ ಅಂತಾನೂ ಅಂದ್ರಿ."

"ನೀವು ಸುಮ್ನಿರಿ, ಮಂಡಿ ನೋಡ್ಕೊಳ್ಳಿ. ಇವತ್ತಿನ ಓಟ ಲೆಕ್ಕಕ್ಕಿಲ್ಲ. ಹತ್ತೂವರೆಗೆ ಹೆಸರು ಕಳಿಸ್ಬೇಕು. ಹಿಂದಿನ ಓಟಗಳ ಸಮಯ ನೋಡಿದ್ರೆ ಇವನದೇ ಚೆನ್ನಾಗಿದೆ." ಗುಮಾಸ್ತನತ್ತ ಪೆನ್ನು ತೋರಿಸಿದರು.

"ಹಿಂದಿನ ಓಟಗಳಲ್ಲಿ ನಾನೆಲ್ಲಿದ್ದೆ ಮೇಷ್ಟ್ರೇ?" ಅಕ್ಕ ಅವರ ಪೆನ್ನಿನ ಮುಂದೆ ಬಂದು ನಿಂತಳು. "ವರ್ಷ ಪೂರ್ತಿ ನಿಮ್ಮ ಮಾತಿಗೆ ಎಲ್ಲರ ಹಿಂದೆ ನಡೆದೆ. ಈಗ ಹಿಂದೆ ಇದ್ದೆ ಅಂತ ನೀವೇ ತೆಗೆದು ಹಾಕ್ತೀರಿ. ಮೊದಲು ಬಂದೋರಿಗೆ ಜಾಗ ಅಂದಿದ್ರಿ. ಬಂದಿದ್ದೀನಿ. ಬರೀರಿ."

ಮೇಷ್ಟ್ರು ಸೀಟಿಗೆ ಕೈಹಾಕಿದರು.

ಗುಮಾಸ್ತ ಕಾಲು ನೀವಿಕೊಳ್ಳುತ್ತಾ ಕೂತಲ್ಲಿಂದಲೇ ಅಂದ, "ಬರೀರಿ ಮೇಷ್ಟ್ರೇ, ಅಕ್ಕನ ಹೆಸರೇ ಬರೀರಿ. ಇವರು ಕೂಗದೇ ಇದ್ದಿದ್ರೆ ನಾವಿನ್ನೂ ಹಳ್ಳದಲ್ಲೇ ಇರ್ತಿದ್ವಿ."

"ಹೌದಾ?" ಎಂದರು ಮೇಷ್ಟ್ರು. ತಕ್ಷಣ ಹಾಳೆ ತೆಗೆದರು. "ಹಾಗೆ ಹೇಳು ಮತ್ತೆ. ನೀನು ಹೇಳೋದ್ರಲ್ಲಿ ನ್ಯಾಯ ಇದೆ." ಬರೆದು ಮುಗಿಸಿ, ನಗುತ್ತಾ, "ಈಗ ಸಮಾಧಾನಾನಾ ಅಕ್ಕ?" ಎಂದು ಕೇಳಿದರು.

"ಇಲ್ಲ," ಎಂದಳು ಅಕ್ಕ.

ಮೇಷ್ಟ್ರ ನಗು ಅರ್ಧಕ್ಕೆ ನಿಂತಿತು.

"ಇದನ್ನೇ ನಾನು ಹೇಳ್ದಾಗ ನಿಮ್ಮ ಕಿವಿಗೆ ಬೀಳಲಿಲ್ಲ. ಈ ಹುಡುಗ ಹೇಳ್ದ ಕೂಡ್ಲೇ ನ್ಯಾಯ ಆಗೋಯ್ತು. ಸ್ಪರ್ಧೆ ಓಡ್ತೀನಿ, ಚೆನ್ನಾಗೇ ಓಡ್ತೀನಿ. ಸಮಾಧಾನ ಅನ್ನೋದನ್ನ ಮಾತ್ರ ಇವತ್ತು ನನ್ನ ಹತ್ರ ಕೇಳ್ಬೇಡಿ."

ಹಾಳೆಯನ್ನು ತಾನೇ ಕೈಗೆ ತೆಗೆದುಕೊಂಡು, ಹೆಸರು ಸರಿಯಾಗಿದೆಯೇ ಎಂದು ಅಕ್ಷರ ಅಕ್ಷರ ಓದಿ, ವಾಪಸ್ಸು ಕೊಟ್ಟಳು. ಮಧ್ಯಾಹ್ನ ಎರಡಕ್ಕೆ ಲಾಂಡ್ರಿಯ ಪಾಳಿಯಿತ್ತು. ಅವಳು ಬಸ್ಸಿಗೆ ನಡೆದಳು.