ಮೂರನೇ ರೋಬೋ ಬೀಳುವುದಿಲ್ಲ

"ಬೀಳಿ ಸಾರ್, ಬೀಳಿ! ಒದ್ದಾಯ್ತಲ್ಲ, ಇನ್ನೂ ಯಾಕೆ ನಿಂತಿದೀರಿ?" ನಿರ್ದೇಶಕ ಕಂಪ್ಯೂಟರಿನ ಹಿಂದಿನಿಂದ ಕೂಗಿದ.

ಮೇಷ್ಟ್ರು ಬೀಳಲಿಲ್ಲ. ಮೈಗೆ ಅಂಟಿಕೊಂಡ ಕರಿ ಉಡುಪು, ಅದರ ತುಂಬ ಗೋಲಿ ಗಾತ್ರದ ಬಿಳಿ ಗುಂಡುಗಳು. ಅರವತ್ತೆಂಟನೇ ವಯಸ್ಸಿಗೆ ಈ ವೇಷವೊಂದು ಬಾಕಿ ಇತ್ತು. ಸುತ್ತಲಿನ ಕ್ಯಾಮೆರಾಗಳು ಆ ಗುಂಡುಗಳನ್ನಷ್ಟೇ ನೋಡುತ್ತವೆ, ಅವು ಅಲ್ಲಾಡಿದ ಹಾಗೆ ಕಂಪ್ಯೂಟರಿನೊಳಗಿನ ಗೊಂಬೆ ಅಲ್ಲಾಡುತ್ತದೆ ಎಂದು ಬೆಳಿಗ್ಗೆ ಪಾಠ ಹೇಳಿದ್ದರು. ಮೇಷ್ಟ್ರ ಪಾಲಿಗೆ ಬಂದದ್ದು ಕಾರ್ಟೂನ್ ಸಿನಿಮಾದ ಮೂರನೇ ರೋಬೋ, ಖಳನಾಯಕನ ಹತ್ತು ಬಂಟರಲ್ಲಿ ಒಂದು. ಹೆಸರಿಲ್ಲ, ಮಾತಿಲ್ಲ. ಬಾಗಿಲಿಗೆ ಅಡ್ಡ ನಿಲ್ಲಬೇಕು, ನಾಯಕ ಒದ್ದ ಕೂಡಲೇ ಅಂಗಾತ ಬೀಳಬೇಕು. ಇಷ್ಟಕ್ಕೆ ಬೆಳಿಗ್ಗೆಯಿಂದ ಐದು ಸಲ ಒದ್ದಾಗಿತ್ತು.

"ಈ ಒದೆತಕ್ಕೆ ನೊಣಾನೂ ಬೀಳಲ್ಲ," ಎಂದರು ಮೇಷ್ಟ್ರು.

ಒದ್ದವನು ಅವರದೇ ಶಿಷ್ಯ. ಹನ್ನೆರಡು ವರ್ಷ ಅವರ ಕರಾಟೆ ಶಾಲೆಯ ಚಾಪೆ ಸವೆಸಿದವನು. ನೆಲದ ಮೇಲೆ ಕಾಲೇ ನಿಲ್ಲುವುದಿಲ್ಲವೆಂದು ಸ್ಪ್ರಿಂಗು ಎಂಬ ಹೆಸರಿಟ್ಟವರೂ ಮೇಷ್ಟ್ರೇ. "ನಿಂತ ಕಾಲಿನ ಹಿಮ್ಮಡಿ ನೆಲ ಕಚ್ಚೋವರೆಗೂ ನೀನು ಒದೀತಿಲ್ಲ ಕಣೋ, ಕುಣೀತಿದೀಯ," ಎಂದು ನಾಲ್ಕು ವರ್ಷದ ಕೆಳಗೆ ಎಲ್ಲರೆದುರು ಅಂದುಬಿಟ್ಟಿದ್ದರು. ಮರುದಿನದಿಂದ ಅವನು ಬರಲಿಲ್ಲ. ಆಮೇಲೆ ಸಿನಿಮಾ ನಾಯಕರ ಬದಲಿಗೆ ನೆಗೆದು ಕುಪ್ಪಳಿಸಿ ಹೆಸರು ಮಾಡಿದ. ಮೇಷ್ಟ್ರ ಲೆಕ್ಕದಲ್ಲಿ ಹೆಸರು ಕೆಡಿಸಿದ.

ಆರನೇ ಸಲ ಸ್ಪ್ರಿಂಗು ಓಡಿ ಬಂದು, ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಮೇಷ್ಟ್ರ ಎದೆಗೆ ಕಾಲು ತಾಗಿಸಿದ. ಗೋಡೆಗೆ ಎಸೆದ ಚೆಂಡಿನಂತೆ ತಾನೇ ಹಿಂದಕ್ಕೆ ಹೋಗಿ ಕುಂಡಿ ಊರಿ ಕುಳಿತ. ಕಂಪ್ಯೂಟರಿನ ಮುಂದಿದ್ದ ಹುಡುಗಿ ಕಿಸಕ್ಕೆಂದಳು.

"ನಾಯಕ ಬಿದ್ದ, ರೋಬೋ ನಿಂತಿದೆ! ಕಥೇನೇ ಉಲ್ಟಾ ಆಯ್ತಲ್ರೀ!" ನಿರ್ದೇಶಕ ತಲೆ ಚಚ್ಚಿಕೊಂಡ. "ಇನ್ನೊಂದೇ ಸಲ. ಬೀಳದಿದ್ರೆ ಬೇರೆ ಯಾರನ್ನಾದ್ರೂ ಕರೆಸ್ತೀನಿ."

ಸ್ಪ್ರಿಂಗು ನೀರಿನ ಬಾಟಲಿ ಹಿಡಿದು ಬಂದ. "ನನ್ ಮಾನ ಕಳೀಲೇಬೇಕು ಅಂತ ಬಂದ್ರಾ ಸಾರ್?"

"ಇದ್ದಿದ್ರೆ ತಾನೆ ಕಳಿಯೋಕೆ? ಬೀಳಿಸಿದ್ರೆ ಬೀಳ್ತೀನಿ ಕಣೋ. ನಟನೆ ಮಾಡಿ ಬೀಳೋದು ನನಗೆ ಬರಲ್ಲ."

"ಇಲ್ಲಿ ನೋಡೋಕೆ ಚೆನ್ನಾಗಿದ್ರೆ ಸಾಕು."

"ಹಾಗಿದ್ಮೇಲೆ ನನ್ನ ಯಾಕೆ ಕರೆಸ್ದೆ? ನೋಡೋಕೆ ನಾನೇನು ಚೆನ್ನಾಗಿದೀನಾ?"

ಸ್ಪ್ರಿಂಗು ಬಾಟಲಿ ಅವರ ಕೈಗಿಟ್ಟು ತನ್ನ ಜಾಗಕ್ಕೆ ಹೋದ. ಕಬ್ಬಿಣದ ಹಾಗೆ ನಿಲ್ಲುವವರೊಬ್ಬರು ಗೊತ್ತು ಎಂದು ನಿರ್ದೇಶಕನಿಗೆ ಹೇಳಿದ್ದವನು ಇವನೇ. ಮೇಷ್ಟ್ರೂ ಅದನ್ನು ತಿಳಿದೇ ಬಂದಿದ್ದರು. ಶಾಲೆ ಮುಚ್ಚಿ ವರ್ಷವಾಗಿತ್ತು. ಈ ಕತ್ತೆಯ ಕಾಲಿನಿಂದ ಸರಿಯಾದ ಒಂದೇ ಒಂದು ಒದೆತ ಕಣ್ಣಾರೆ ಕಾಣಬೇಕು, ಆಮೇಲೆ ಏನಾದರೂ ಆಗಲಿ ಎಂಬ ಆಸೆ ಮಾತ್ರ ಹೊಟ್ಟೆಯೊಳಗೆ ಉಳಿದಿತ್ತು. ಬಾಯಿ ಬಿಟ್ಟು ಹೇಳುವ ಜಾತಿಯವರಲ್ಲ ಅವರು.

ಏಳನೇ ಸಲ ಅವನು ಓಡಿ ಬರಲಿಲ್ಲ. ಎರಡು ಹೆಜ್ಜೆ ನಡೆದು ಬಂದು ನಿಂತ. ಮೇಷ್ಟ್ರ ಕಣ್ಣು ಎಂದಿನಂತೆ ನಿಂತ ಕಾಲಿನ ಮೇಲಿತ್ತು. ಹಿಮ್ಮಡಿ ಚಾಪೆಯನ್ನು ಒತ್ತಿ ಹಿಡಿದದ್ದು ಕಂಡಿತು. ಆಮೇಲೆ ಕಂಡದ್ದು ಚಾವಣಿಯ ದೀಪಗಳು. ಉಸಿರು ಎಲ್ಲಿಗೋ ಹೋಗಿತ್ತು, ಉಡುಪಿನಿಂದ ಕಿತ್ತುಬಂದ ಗುಂಡೊಂದು ಉರುಳುವ ಸದ್ದು ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು.

"ಇದೇನ್ರೀ ಒದೆತ! ಮನೆ ಬಾಗಿಲು ಒದ್ದಂಗೆ! ಆ ನೆಗೆತ ಎಲ್ಲಿ, ಆ ಸುತ್ತು ಎಲ್ಲಿ?" ನಿರ್ದೇಶಕ ಪರದೆಯತ್ತ ಬಗ್ಗಿದ. "ಬಿದ್ದಿದ್ದೇನೋ ಚೆನ್ನಾಗಿದೆ. ಬೀಳೋದು ಇದರಲ್ಲಿರೋದೇ ಇರ್ಲಿ. ಒದೆಯೋದು ಎರಡನೇ ಟೇಕಿಂದು ತಗೊಂಡು ಅಂಟಿಸಿ."

"ಅಂಟಿಸ್ಕೋ," ಎಂದರು ಮೇಷ್ಟ್ರು ಮಲಗಿದಲ್ಲಿಂದಲೇ, ಅವನ ಕಡೆ ತಿರುಗಿಯೂ ನೋಡದೆ.

ಸ್ಪ್ರಿಂಗು ಕೈ ಚಾಚಿದ. ಅವರು ಹಿಡಿಯಲಿಲ್ಲ. ಮಂಡಿ ಊರಿ ತಾವೇ ಎದ್ದು, ಒಂದು ಗಳಿಗೆ ಸುಧಾರಿಸಿಕೊಂಡು, "ಎಡಗೈ ಕೆಳಗಿತ್ತು," ಎಂದರು.

"ಹೂಂ ಸಾರ್."

"ತಪ್ಪಿದ್ದು ಕೈ ಅಷ್ಟೇ."

ಅವನು ಬೇಗ ಮುಖ ತಿರುಗಿಸಿಕೊಂಡು ಚಾಪೆಯ ಮೇಲೆ ಆ ಗುಂಡು ಹುಡುಕತೊಡಗಿದ.

ಸಂಜೆ ಮನೆಯಲ್ಲಿ ಅಂಗಿ ಬಿಚ್ಚುವಾಗ ಮಗಳು ನೋಡಿಬಿಟ್ಟಳು. ಪಕ್ಕೆಲುಬಿನ ಕೆಳಗೆ ನೀಲಿ ಕಂದು ಮಚ್ಚೆ, ಹಿಮ್ಮಡಿಯಷ್ಟೇ ಅಗಲ. "ಅಯ್ಯೋ, ಕಾರ್ಟೂನ್ ಅಂದ್ರಲ್ಲಪ್ಪಾ! ಯಾವನು ಹೀಗೆ ಒದ್ದಿದ್ದು?" ಎನ್ನುತ್ತ ಮುಲಾಮಿಗೆ ಓಡಿದಳು.

ಅವಳು ಡಬ್ಬಿ ತೆರೆದುಕೊಂಡು ಬರುವಷ್ಟರಲ್ಲಿ ಮೇಷ್ಟ್ರು ಅಂಗಿ ಮತ್ತೆ ತೊಟ್ಟು, ಗುಂಡಿಗಳನ್ನು ಒಂದೊಂದಾಗಿ ಕುತ್ತಿಗೆಯವರೆಗೂ ಹಾಕಿಕೊಳ್ಳುತ್ತಿದ್ದರು.

"ಬೇಡ. ಇರ್ಲಿ ಬಿಡು."