ಮೂರನೆಯ ಗ್ಲಾಸು

ಇದರಲ್ಲಿ ತಪ್ಪೇನಿದೆ? ಕುಡಿಯುವವನ ಒಳ್ಳೆಯದಕ್ಕೇ ಅಲ್ಲವೇ? ಬೇಡ ಅಂದು ಮುಖ ಕೆಡಿಸಿಕೊಳ್ಳುವುದಕ್ಕಿಂತ, ಗೊತ್ತಾಗದ ಹಾಗೆ ನೀರು ಬೆರೆಸಿ ಕೊಟ್ಟರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಹಾಗಂದುಕೊಂಡೇ ಅವನು ಪರದೆಯ ಮೇಲಿನ ಕೊನೆಯ ಪ್ರಶ್ನೆಗೆ 'ನೀರು ಬೆರೆಸಿ ಕೊಡುವುದು' ಎಂಬ ಉತ್ತರವನ್ನು ಒತ್ತಿದ. ಕೆಂಪು ಗುರುತು ಮೂಡಿತು. 'ತಪ್ಪು. ತಾನೆಷ್ಟು ಕುಡಿದೆ ಎಂಬ ಅಂದಾಜು ಗಿರಾಕಿಗೆ ತಪ್ಪಬಾರದು. ಸಾಕು ಅನ್ನಿಸಿದರೆ ಬಾಯಿಬಿಟ್ಟು ಹೇಳಿ.'

ಬಾರಿನ ಕುರ್ಚಿಗಳು ಇನ್ನೂ ಮೇಜುಗಳ ಮೇಲೆ ತಲೆಕೆಳಗಾಗಿದ್ದವು. ಕೌಂಟರಿನಲ್ಲಿ ನಿಲ್ಲುವವರೆಲ್ಲ ಈ ಆನ್‌ಲೈನ್ ತರಬೇತಿ ಮುಗಿಸಲೇಬೇಕೆಂದು ಮಾಲೀಕರು ಹೇಳಿದ್ದರಿಂದ ಅವನು ಮಧ್ಯಾಹ್ನವೇ ಬಂದು ಲ್ಯಾಪ್‌ಟಾಪಿನ ಮುಂದೆ ಕೂತಿದ್ದ.

"ಗ್ಲಾಸಿಗೆ ಸುರಿಯೋಕೂ ಪರೀಕ್ಷೆನಾ?" ಅಡುಗೆಯವನು ಒಳಗಿಂದ ಕೂಗಿದ. "ನಾಳೆ ಈರುಳ್ಳಿ ಹೆಚ್ಚೋಕೆ ನನ್ನೂ ಕೂರಿಸ್ತಾರೆ ನೋಡು. ಪಾಸಾ?"

"ಪಾಸು. ಒಂದು ತಪ್ಪಾಯ್ತು."

ಆ ಒಂದು ಅವನನ್ನು ಬಿಡಲಿಲ್ಲ. ಹೆಂಡತಿಯ ಅಪ್ಪ ನಿವೃತ್ತರಾದ ಮೇಲೆ ವಾರಕ್ಕೊಮ್ಮೆ ಪಕ್ಕದ ಬೀದಿಯಿಂದ ಇಲ್ಲಿಗೆ ನಡೆದು ಬರುತ್ತಿದ್ದರು. ಎರಡು ಗ್ಲಾಸಿಗೇ ಮಾವನ ದನಿ ಏರುತ್ತಿತ್ತು. ಮೂರನೆಯದನ್ನು ಬೇಡ ಎನ್ನಲು ಅಳಿಯನಿಗೆ ನಾಲಿಗೆ ಏಳುತ್ತಿರಲಿಲ್ಲ. ಅದರಲ್ಲಿ ಬಣ್ಣಕ್ಕಷ್ಟೇ ನಾಲ್ಕು ಹನಿ ವಿಸ್ಕಿ ಬಿಟ್ಟು ಉಳಿದದ್ದಕ್ಕೆ ನೀರು ತುಂಬಿಸುತ್ತಿದ್ದ. ಮಾವ ಅದನ್ನು ನಿಧಾನವಾಗಿ ಹೀರಿ, ನೆಟ್ಟಗೆ ಎದ್ದು ಹೋಗುತ್ತಿದ್ದರು.

ಅಂದು ಸಂಜೆಯೂ ಮಾವ ಬಂದರು; ಅಳಿಯನ ಕಂಪ್ಯೂಟರ್ ಪರೀಕ್ಷೆಯ ಕತೆಯನ್ನು ಅಡುಗೆಯವನಿಂದ ಕೇಳಿ ನಗುತ್ತಲೇ ಎರಡು ಮುಗಿಸಿ ಗ್ಲಾಸನ್ನು ಮುಂದಕ್ಕೆ ತಳ್ಳಿದರು.

"ಭಾನುವಾರ ನನ್ನ ಗೆಳೆಯನ ಪಾರ್ಟಿ. ನಿಮಗೆ ಡ್ಯೂಟಿ ಇರತ್ತಲ್ಲ, ಮಗಳನ್ನ ಮೊಮ್ಮಗಳನ್ನ ಕಾರಲ್ಲಿ ನಾನೇ ವಾಪಸ್ ಕರ್ಕೊಂಡ್ಬರ್ತೀನಿ. ಮೂರು ಗ್ಲಾಸು ನಂಗ್ಯಾವ ಲೆಕ್ಕ? ನೀವೇ ನೋಡಿದೀರಲ್ಲ!"

ಅವನ ಕೈ ಬಾಟಲಿಯ ಕತ್ತಿನ ಮೇಲೆ ನಿಂತಿತು. ಅಲ್ಲಿ ಸುರಿಯುವವನು ಅಳಿಯನಲ್ಲ. ಅಲ್ಲಿಯ ಮೂರನೆಯದು ನಿಜಕ್ಕೂ ಮೂರನೆಯದು. ಹಿಂದಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆಹೋದ ತನ್ನ ಪುಟ್ಟ ಮಗಳು ಕಣ್ಣಿಗೆ ಕಟ್ಟಿದಳು.

"ಸಾಕು ಮಾವ. ಇನ್ನು ಕೊಡಲ್ಲ."

ಮಾವ ಗ್ಲಾಸಿನೊಳಗೆ ನೋಡಿದರು, ಆಮೇಲೆ ಅವನನ್ನು.

"ಏನ್ ಅಳಿಯಂದ್ರೇ, ಕಂಪ್ಯೂಟರ್ ಪಾಠ ನನ್ನ ಹತ್ರ ಒಪ್ಪಿಸ್ತಿದೀರಾ?"

"ಹೌದು ಮಾವ. ಎರಡಕ್ಕೇ ನಿಮ್ಮ ದನಿ ಆಚೆ ಬೀದಿಗೆ ಕೇಳತ್ತೆ. ಭಾನುವಾರ ಒಂದೇ ಒಂದು ಕುಡಿದ್ರೂ ಕಾರು ಮುಟ್ಬೇಡಿ. ಬೈದ್ರೂ ಪರವಾಗಿಲ್ಲ."

ಅಡುಗೆಯವನು ಬಾಗಿಲಿಂದ ಇಣುಕಿ, ತಲೆಯನ್ನು ಒಳಗೆಳೆದುಕೊಂಡ.

"ಬೈಯೋಕೇನಿದೆ," ಮಾವ ಗೊಣಗಿದರು. "ಮನೇಲಿ ಒಬ್ಳು ಸಾಲದು ಅಂತ ಇಲ್ಲೊಬ್ರು. ಸರಿ, ನಿಮ್ಮತ್ತೇನೇ ಓಡಿಸ್ಲಿ. ಅವಳು ಬ್ರೇಕ್ ಹಾಕೋ ರೀತಿಗೆ ಕುಡಿದಿದ್ದೆಲ್ಲ ತಾನೇ ಇಳಿಯತ್ತೆ."

ಅವನಿಗೆ ನಗು ಆ ಮಾತಿಗಿಂತ ದೊಡ್ಡದಾಗಿ ಬಂತು. ಇಷ್ಟೇನಾ? ಇಷ್ಟಕ್ಕೇ ಇಷ್ಟು ದಿನ ಹೆದರಿದ್ದೇ?

"ನಗೋದು ಸಾಕು, ನೀರಾದ್ರೂ ಕೊಡ್ತೀರೋ ಅದಕ್ಕೂ ಪರೀಕ್ಷೆ ಇದೆಯೋ?"

ಅದೇ ಗ್ಲಾಸನ್ನು ತೊಳೆದು, ಅವರ ಕಣ್ಣೆದುರೇ ನೀರು ತುಂಬಿಸಿ ಕೊಟ್ಟ. ಮಾವ ಗಟಗಟ ಕುಡಿದು ಮನೆಗೆ ಹೊರಟರು.

ಭಾನುವಾರ ಅತ್ತೆಯೇ ಕಾರು ಓಡಿಸಿದರು. ಮಗಳಿಗೆ ಪ್ರತಿ ಬ್ರೇಕಿಗೂ ಎಚ್ಚರವಾಯಿತಂತೆ.

ಹಿಂದಿನ ಮೂರನೆಯ ಗ್ಲಾಸುಗಳೆಲ್ಲ ನೀರೇ ಆಗಿದ್ದವು ಎಂಬುದನ್ನು ಅವನು ಮಾವನಿಗೆ ಎಂದೂ ಹೇಳಲಿಲ್ಲ.